ಕೈಗುಣವುಳ್ಳ ತಮ್ಮನ ತಪ್ಪೊಪ್ಪಿಗೆ

ಐಗಳಿಯ ದ್ರಾಕ್ಷಿತೋಟದ ಒಡತಿ, ನನ್ನನ್ನು ಬೈಯುವ ಸರ್ವಾಧಿಕಾರ ಪಡೆದಿದ್ದ ಅಕ್ಕುತಾಯಿ ಅಕ್ಕನ ಪಾದಗಳಿಗೆ,

ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಊರವರನ್ನು ನಗಿಸುವ ತಮ್ಮ ಧರೆಪ್ಪನ ಸಾಷ್ಟಾಂಗ. ನೀನು ಹೋಗಿ ಇಂದಿಗೆ ವರ್ಷ. ಸತ್ತವರಿಗೆ ಬರೆದರೆ ಅಂಚೆಚೀಟಿ ಬೇಕಿಲ್ಲ, ಅಷ್ಟರಮಟ್ಟಿಗೆ ಲಾಭ.

ನನ್ನ ಕೈಗುಣದ ಖ್ಯಾತಿ ಹಬ್ಬಿಸಿದವಳು ನೀನೇ. ತಲೆನೋವಿನ ಗುಳಿಗೆಯನ್ನೂ ಅಥಣಿಯಿಂದ ನಾನೇ ತರಬೇಕಿತ್ತು. "ಡಾಕ್ಟರ್ ಗುಳಿಗಿ ಬರದ್ರ ಏನಾತು? ತರೂ ಕೈ ಛಲೋ ಇರಬೇಕ" ಎನ್ನುತ್ತಿದ್ದೆ ನೀನು. ನಾನೋ ಹೊಗಳಿಕೆಗೆ ಬಾಲವಾಡಿಸುವ ಪ್ರಾಣಿ. ನಂಬಿಬಿಟ್ಟೆ.

ತೊಂಬತ್ತಾರನೆಯ ಇಸವಿಯಲ್ಲಿ ನಿನಗೆ ರಕ್ತದ ಕ್ಯಾನ್ಸರ್. ಮಿರಜದ ಆಸ್ಪತ್ರೆಯ ಚಿಕಿತ್ಸೆಗೆ ಮೈ ಸೋತು ಬಾಯಿತುಂಬ ಬಿಳಿ ಬೂಷ್ಟು ಹಬ್ಬಿತು. ಅಲ್ಲಿ ಬರೆದುಕೊಟ್ಟ ಗುಲಾಬಿ ಗುಳಿಗೆ ತಂದೆ. ನಾಲ್ಕೇ ದಿನಕ್ಕೆ ಬಾಯಿ ತಿಳಿಯಾಯಿತು. ಓಣಿಯಲ್ಲೆಲ್ಲ ನನ್ನ ಬಲಗೈಯದೇ ಗುಣಗಾನ!

ಎರಡು ತಿಂಗಳಿಗೆ ಬೂಷ್ಟು ಮರಳಿತು, ಜೊತೆಗೆ ಜ್ವರ. ನಿನ್ನ ಗಂಡ, ನಮ್ಮ ಆಬಾಸಾಹೇಬ ಮಾವ, ಮಿರಜಕ್ಕೆಂದು ಜೀಪ್ ತರಿಸಿದರು. ನೀನು ಹಟ ಹಿಡಿದೆ: "ಜೀಪಿನ ಧಕ್ಕಿ ನನಗ ತಡ್ಯಾಂಗಿಲ್ಲ. ತಮ್ಮಾ, ಹ್ವಾದ ಸಲದ ಗುಳಿಗಿ ನೀನ ತಂದುಕೊಡು, ನಿನ್ನ ಕೈಲೆ ನನಗ ಹತ್ತತೈತಿ."

"ನಾ ಇರೂತನಕ ಮಿರಜ ಯಾಕ್ರಿ ಮಾವಾ?" ಎಂದೆ ನಾನು, ಎದೆಯುಬ್ಬಿಸಿ. ಹಳೆಯ ಚೀಟಿ ತೋರಿಸಿ ಅದೇ ಗುಳಿಗೆ ತಂದೆ. ಎಂಟು ದಿನ ನುಂಗಿಸಿದೆ. ಜ್ವರ ಇಳಿಯಲಿಲ್ಲ.

ಕೊನೆಗೆ ಮಿರಜ. ರಕ್ತಪರೀಕ್ಷೆಯ ಕಾಗದ ಬಂದಾಗ ಡಾಕ್ಟರಮ್ಮನ ಎದುರು ನಾನೊಬ್ಬನೇ ಇದ್ದೆ. "ಇದು ಬ್ಯಾರೆ ಜಾತಿ ಬೂಷ್ಟ ರೀ, ಯೀಸ್ಟ್ ಅಂತೀವಿ, ಅಪರೂಪದ್ದು. ಆ ಗುಳಿಗಿಗೆ ಹುಟ್ಟಿನಿಂದನ ಬಗ್ಗೂದಿಲ್ಲ. ಮೊದಲಿನ ಜಾತಿ ಸತ್ತು, ಇದಕ್ಕ ಜಾಗಾ ಖುಲ್ಲಾ ಆಗೇತಿ. ಈಗ ರಕ್ತಕ್ಕ ಇಳದೈತಿ. ಎಂಟ ದಿನ ಮೊದಲ ಬಂದಿದ್ರ…"

ಪುಣೆಯಿಂದ ಮಾವ ತಂದ ಹಳದಿ ಔಷಧಿ ನಿನ್ನ ನರಕ್ಕೆ ಹನಿಹನಿಯಾಗಿ ಇಳಿಯಿತು. ನೀನು ಚಳಿಯಲ್ಲಿ ನಡುಗುತ್ತಲೇ ಕೇಳಿದೆ, "ಇದನ್ನೂ ನೀನ ತಂದ್ಯೇನೋ?"

"ಹೂಂ ಅಕ್ಕಾ" ಎಂದೆ ನಾನು.

"ಹಂಗಾರ ನಾ ಉಳೀತೀನ ಬಿಡು" ಎಂದು ನೀನು ನಕ್ಕೆ. ಮೂರನೆಯ ದಿನ ಹೋದೆ.

ಡಾಕ್ಟರಮ್ಮ ಹೇಳಿದ ಆ ಎಂಟು ದಿನದ ಮಾತನ್ನು ವರ್ಷಪೂರ್ತಿ ನುಂಗಿಕೊಂಡಿದ್ದೆ. ಇವತ್ತು ನಿನಗೆ ಎಡೆ ಹಿಡಿದ ಮೇಲೆ ಮಾವನಿಗೆ ಹೇಳಿದೆ. ಹೊಡೆಯುತ್ತಾರೆಂದು ಕಾದೆ. ಅವರು, "ಬಾಗಲಕ್ಕ ಬಂದ ಜೀಪ್ ಹೊಳ್ಳಿ ಕಳಿಸಿದಾಂವ ನಾನೂ ಹೌದಲೋ ಧರೆಪ್ಪಾ" ಎಂದರು. ಇಬ್ಬರೂ ತಾಟಿನ ಮುಂದೆ ಕೂತೆವು.

ಜ್ವರವಿಲ್ಲದ ಊರಲ್ಲಿ ತಣ್ಣಗಿರು, ಅಕ್ಕಾ.

ನಿನ್ನ ನಂಬಿಕೆಗೆ ಯೋಗ್ಯನಾಗದ ತಮ್ಮ,
ಧರೆಪ್ಪ