ಬೈಂಡಿಂಗ್ ಅಂಗಡಿಯ ನಾಲ್ಕನೆಯ ಸ್ಟೂಲು

ಜೂನ್ ೧೨, ಗುರುವಾರ

ಇಂದು ನಮ್ಮ ಮನೆಯಲ್ಲಿ ನೆರೆದ ಎಲ್ಲರಿಗೂ ವಂದನೆಗಳು. ನಿಮ್ಮ ಅನುಕಂಪವನ್ನು ಮಾತ್ರ ನಾನು ಸ್ವೀಕರಿಸಲಾರೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಗಂಟಲು ಹರಿದುಕೊಂಡವನು ಇಷ್ಟನ್ನೂ ಎದುರಿಗೆ ಹೇಳಲಾಗದೆ ಈ ದಿನಚರಿಯಲ್ಲಿ ಬರೆಯುತ್ತಿದ್ದೇನೆ.

ಮಗಳು ತೀರಿಕೊಂಡು ಹದಿನೆಂಟು ದಿನ. ಅವಳ ಪುಸ್ತಕ ಬೈಂಡಿಂಗ್ ಅಂಗಡಿಗೆ ಉದ್ಯೋಗ ವಿನಿಮಯ ಕಚೇರಿ ಮೂವರು ಹೆಂಗಸರನ್ನು ತರಬೇತಿಗೆಂದು ಕಳುಹಿಸಿತ್ತು. ಕಚೇರಿ ಜನರನ್ನು ಕೊಟ್ಟಿತು, ಅವಳು ಕಸುಬು ಕೊಟ್ಟಳು. ಇಂದು ಅಲ್ಲಿಯ ಅಧಿಕಾರಿ ಕಣ್ಣೊರೆಸಿಕೊಂಡ ಕೈಯಲ್ಲೇ ಫೈಲು ಬಿಚ್ಚಿದರು.

“ಮಾಲೀಕರು ಇಲ್ಲ ಅಂದ್ರೆ ತರಬೇತಿ ರದ್ದು ಸಾರ್. ಸೋಮವಾರದಿಂದ ಮೂವರೂ ಮತ್ತೆ ನಿರುದ್ಯೋಗಿಗಳ ಪಟ್ಟಿಗೆ.”

“ಕೆಲಸ ಮಾಡ್ತಿರೋರನ್ನ ನಿರುದ್ಯೋಗಿ ಮಾಡೋದೇ ನಿಮ್ಮ ಇಲಾಖೆ ಕೆಲಸಾನಾ?” ಎಂದೆ.

“ಹೊಸ ಮಾಲೀಕರು ಸಹಿ ಹಾಕಿದ್ರೆ ಮುಂದುವರಿಯುತ್ತೆ. ಆದ್ರೆ ಅವರು ದಿನಾ ಅಂಗಡೀಲಿ ಇರಬೇಕು.”

ಭಾವಮೈದುನ ನಡುವೆ ಬಾಯಿ ಹಾಕಿದ: “ಮಾರಿಬಿಡಿ ಭಾವ. ನಿಮಗೆ ಮಾತು ಪೋಣಿಸೋಕೆ ಬರುತ್ತೆ, ಸೂಜಿಗೆ ದಾರ ಪೋಣಿಸೋಕೆ ಬರುತ್ತಾ?”

ಎಲ್ಲರೂ ತಲೆದೂಗಿದರು.

ಮಗಳು ಅಂಗಡಿ ತೆರೆದ ದಿನ ನಾನೂ ಅವಳನ್ನು ಹೀಗೆಯೇ ಹಂಗಿಸಿದ್ದೆ: ಇಷ್ಟು ಓದಿದವಳಿಗೆ ಈ ಅಂಟಿನ ಕೆಲಸವೇಕೆ ಎಂದು. ಅವಳು ವಾದಿಸಲಿಲ್ಲ. ನನ್ನ ಹರಿದ ನಿಘಂಟನ್ನು ಒಯ್ದು, ಹೊಲಿದು ತಂದು ಮೇಜಿನ ಮೇಲಿಟ್ಟಳು. ನನ್ನನ್ನು ಸೋಲಿಸಿದ ಏಕೈಕ ಪ್ರತಿವಾದ ಅದು. ಸೋತೆನೆಂದು ಅವಳಿಗೆ ಹೇಳಲೇ ಇಲ್ಲ.

ಆದ್ದರಿಂದ ಯಾರನ್ನೂ ಕೇಳದೆ ನಿರ್ಧರಿಸಿದ್ದೇನೆ. ನಾಳೆ ಕಚೇರಿ ತೆರೆಯುವ ಹೊತ್ತಿಗೆ ಹೋಗಿ ಮಾಲೀಕನೆಂದು ಸಹಿ ಹಾಕುತ್ತೇನೆ. ಅಲ್ಲಿಂದ ಅಂಗಡಿಗೆ ಹೋಗಿ, ಆ ಮೂವರ ಪಕ್ಕ ನಾಲ್ಕನೆಯ ಸ್ಟೂಲು ಎಳೆದುಕೊಂಡು ಕುಳಿತು, ಸೂಜಿಗೆ ದಾರ ಪೋಣಿಸುವುದರಿಂದಲೇ ಕಲಿಸಿರೆಂದು ಕೇಳುತ್ತೇನೆ.