ಕಾಲು ಕತ್ತರಿಸಿದ ಮೇಜು

ಪ್ರೀತಿಯ ನೊರ್ಮಾಂದ್ ಅಕ್ಕಾ,

ಈ ಕಾಗದವನ್ನು ಕೂತು ಓದು ಎಂದು ಹೇಳುವುದಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ತಿರುಗುತ್ತಲೇ ಓದು. ಅಮ್ಮನೂ ತನಗೆ ಬಂದ ಕಾಗದಗಳನ್ನೆಲ್ಲ ಹಾಗೇ ಓದಿದ್ದು.

ಮಧ್ಯಾಹ್ನ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ರೊಜೇರ್, ಆ ಡಬ್ಬಿ ತಗೊಂಡು ಬಾ. ಒಂದೇ ಒಂದು ಮಾತ್ರೆ. ನನ್ನ ಕೈಲಿ ಆಗಲ್ಲ ಕಣೋ." ಹಿಮ ತಳ್ಳುವ ಗಾಡಿ ಬಂತು, ಕಾರು ತೆಗೀಬೇಕು ಅಂತ ಸುಳ್ಳು ಹೇಳಿ ಫೋನಿಟ್ಟೆ. ಮಾತಿನಲ್ಲಿ ನಿನ್ನೆದುರು ಗೆದ್ದವನಲ್ಲ ನಾನು. ಅದಕ್ಕೇ ಬರೆಯುತ್ತಿದ್ದೇನೆ. ಫೆರ್ನಾಂ ಭಾವ ಬ್ರೆಡ್ಡಿಗೆಂದು ಈ ಕಡೆ ಬಂದಾಗ ಕೊಟ್ಟು ಕಳಿಸುತ್ತೇನೆ.

ಡಬ್ಬಿ ತರುವುದಿಲ್ಲ ಅಕ್ಕಾ. ಅದನ್ನು ನನ್ನ ಕೈಗೆ ಹಾಕಿದವಳು ನೀನೇ. ಕೊನೆಯ ಅರ್ಧ ಮಾತ್ರೆಯನ್ನೂ ಬಿಟ್ಟ ಭಾನುವಾರ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ನಾಳೆ ನಾನು ಅಳ್ತೀನಿ, ಬೈತೀನಿ, ನಿನ್ನ ಕಾಲಿಗೂ ಬೀಳ್ತೀನಿ. ಕೊಟ್ಟೆಯೋ, ನೀನು ನನ್ನ ತಮ್ಮನೇ ಅಲ್ಲ" ಅಂದಿದ್ದೆ. ನೀನೀಗ ನಿದ್ದೆಯಿಲ್ಲದೆ ಎಲ್ಲ ಮರೆತಿದ್ದೀಯ. ನಾನು ಏನನ್ನೂ ಮರೆಯದ ಮನುಷ್ಯ. ನಾನು ದುಡಿದ ಅಲ್ಯೂಮಿನಿಯಂ ಕಾರ್ಖಾನೆಯ ಸಾಹೇಬರೂ ಅದನ್ನೇ ದೂರುತ್ತಿದ್ದರು.

ಕುದುರೆಮನೆಯವರು ಅಂತ ಕರೆಯುತ್ತಿದ್ದರಲ್ಲ ನಮ್ಮನ್ನು? ನಮ್ಮ ಅಪ್ಪ ಅಡುಗೆಮನೆಯ ಮೇಜನ್ನು ಎದೆಮಟ್ಟಕ್ಕೆ ಮಾಡಿದ್ದಕ್ಕೆ ಬಂದ ಹೆಸರು ಅದು. ಅಮ್ಮನ ಕಾಲೊಳಗೆ ಸಂಜೆಯಾದರೆ ಏನೋ ಹರಿದಾಡುತ್ತಿತ್ತು, ಎಳೆಯುತ್ತಿತ್ತು. ಕೂತರೆ ಹೆಚ್ಚು, ನಡೆದರೆ ಕಡಿಮೆ. ಊಟದ ನಡುವೆ ಎದ್ದು ಹೋಗುವ ಅವಮಾನ ಅವಳಿಗೆ ಬೇಡವೆಂದು ಅಪ್ಪ ಎಲ್ಲರೂ ನಿಂತೇ ಉಣ್ಣುವಂತೆ ಮಾಡಿದರು. ಊಟವೂ ನಿಂತೇ, ಇಸ್ಪೀಟೂ ನಿಂತೇ. ಪಕ್ಕದ ಮನೆಯ ಎಲ್ಫೇಜ್ ಬೇಲಿಯಾಚೆಯಿಂದ ಕೂಗುತ್ತಿದ್ದ: "ಏನಪ್ಪಾ, ನಿನ್ನ ಕುದುರೆಗಳು ಮೇಯ್ದವಾ?" ಅಪ್ಪ ಕೊಟ್ಟ ಉತ್ತರ ನೆನಪಿದೆಯಾ? "ಕುದುರೆ ನಿಂತುಕೊಂಡೇ ನಿದ್ದೆನೂ ಮಾಡುತ್ತೆ ಎಲ್ಫೇಜ್. ನಮ್ಮೋಳಿಗೆ ಆ ಭಾಗ್ಯ ಎಲ್ಲಿದೆ?"

ಚರ್ಚಿನಲ್ಲಿ ಹಿಂದೆ ನಿಂತುಕೊಳ್ಳುವುದು ಗಂಡಸರಿಗೆ ಮಾತ್ರ ನಡೆಯುತ್ತಿತ್ತು. ಅಮ್ಮ ಬೆಂಚಿನಲ್ಲಿ ಕೂತು ತೊಡೆ ಚಿವುಟಿಕೊಳ್ಳುತ್ತಿದ್ದಳು. ಊರ ಡಾಕ್ಟರು ಅವಳಿಗೆ ಹೇಳಿದ್ದು ಒಂದೇ ಮಾತು: "ಹೆಂಗಸರ ನರ ತಾಯಿ. ಇನ್ನೊಂದು ಮಗು ಆಗಲಿ, ಸರಿಹೋಗುತ್ತೆ." ಆಯಿತು, ಮತ್ತೂ ಆಯಿತು. ಒಂದೊಂದು ಬಸುರಿಗೂ ರಕ್ತದಲ್ಲಿನ ಕಬ್ಬಿಣ ಇಳಿಯುತ್ತದೆ, ಕಬ್ಬಿಣ ಇಳಿದರೆ ಈ ಕಾಯಿಲೆ ಏರುತ್ತದೆ. ಇದು ನನಗೆ ಗೊತ್ತಾದದ್ದು ಅವಳು ಮಣ್ಣಾಗಿ ಎಷ್ಟೋ ವರ್ಷದ ಮೇಲೆ, ಗ್ರಂಥಾಲಯದಲ್ಲಿ. ಅವತ್ತು ಪುಸ್ತಕ ಮುಚ್ಚಿ ಹೊರಗೆ ಬಂದು, ಯಾರನ್ನು ಬೈಯಬೇಕೆಂದು ತಿಳಿಯದೆ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಕೆರೆದದ್ದೇ ಕೆರೆದದ್ದು.

ಆಮೇಲೆ ಅದು ನಿನಗೆ ಬಂತು. ನಿನಗೆ ಮಾತ್ರೆಯೂ ಸಿಕ್ಕಿತು. ಮೆದುಳಿನಲ್ಲಿ ಡೋಪಮೀನ್ ಎಂಬ ರಸದ ವೇಷ ಹಾಕಿ ಕೆಲಸ ಮಾಡುವ, ಸಾಸಿವೆಗಿಂತ ಚೂರು ದೊಡ್ಡ ಮಾತ್ರೆ. ಆ ವರ್ಷದ ಹೊಸವರ್ಷದ ದಿನ ಇಲ್ಲಿ ನನ್ನ ಮನೆಯಲ್ಲಿ ನೀನು ಸ್ಟೂಲು ಎಳೆದುಕೊಂಡು ಕೂತೆ, ಇಸ್ಪೀಟಾಟ ಮುಗಿಯುವವರೆಗೂ ಏಳಲಿಲ್ಲ. ಆಟ ನೋಡುವುದು ಬಿಟ್ಟು ನಾವೆಲ್ಲ ನಿನ್ನ ಕಾಲನ್ನೇ ನೋಡುತ್ತಿದ್ದೆವು. ನೀನು ರೇಗಿದೆ: "ಏನ್ರೋ ಅದು, ಮೇಜಿನ ಕೆಳಗೆ ಇಣುಕೋದು? ಎಲೆ ಹಾಕ್ರೋ!" ಫೆರ್ನಾಂ ಭಾವ ಎದ್ದು ಹೋಗಿ ಗರಗಸ ತಂದ. ಅಪ್ಪನ ಮೇಜಿನ ನಾಲ್ಕೂ ಕಾಲನ್ನು ಅರ್ಧಕ್ಕೆ ಕೊಯ್ದೆವು. ಟೂರ್ಟಿಯೇರ್ ಎಂಬ ಮಾಂಸದ ಕಡುಬಿನ ತಟ್ಟೆ ಕೈಯಲ್ಲಿ ಹಿಡಿದು ಮಕ್ಕಳೆಲ್ಲ ಚಪ್ಪಾಳೆಗೆ ಕೈಯಿಲ್ಲದೆ ಕಾಲು ಬಡಿದವು. ಬೇರೆ ಯಾರ ಮನೆಯಲ್ಲಾದರೂ ಹೂಗುಚ್ಛ ತರುತ್ತಿದ್ದರು. ನಾವು ಮೇಜಿನ ಕಾಲು ಕೊಯ್ದೆವು.

ಕೆಲವು ವರ್ಷ ಚೆನ್ನಾಗಿಯೇ ಇತ್ತು. ನಂತರ, ಮಲಗುವ ಹೊತ್ತಿಗೆ ಬರುತ್ತಿದ್ದುದು ಸಂಜೆಗೇ ಬಂತು. ಡಾಕ್ಟರು "ಕಾಯಿಲೆ ಬೆಳೀತಾ ಇದೆ ಮೇಡಂ" ಅಂದು ಮಾತ್ರೆ ಹೆಚ್ಚಿಸಿದರು. ಮಧ್ಯಾಹ್ನಕ್ಕೆ ಬಂತು, ಮತ್ತೆ ಹೆಚ್ಚಿಸಿದರು. ಕೈಗೂ ಹತ್ತಿತು, ಮತ್ತೆ ಹೆಚ್ಚಿಸಿದರು. ಕಾಯಿಲೆ ತಾನಾಗಿಯೇ ಬೆಳೆಯುತ್ತಿರಲಿಲ್ಲ ಅಕ್ಕಾ, ಆ ಮಾತ್ರೆಯೇ ಅದನ್ನು ಸಾಕುತ್ತಿತ್ತು. ಹಾಗಾಗುತ್ತದೆಂದು ವೈದ್ಯಪತ್ರಿಕೆಗಳಲ್ಲಿ ಎಷ್ಟೋ ವರ್ಷಗಳಿಂದ ಅಚ್ಚಾಗಿತ್ತು. ನಮ್ಮ ಊರಿಗೆ ಮಾತ್ರೆ ಬಂತು, ಆ ಸುದ್ದಿ ಬರಲಿಲ್ಲ. ಕಾರ್ಖಾನೆಯಲ್ಲಿ ನಾವು ಕೆಮ್ಮಿದಾಗಲೂ ಹೀಗೇ, "ಸಿಗರೇಟು ಕಡಿಮೆ ಮಾಡ್ರಯ್ಯಾ" ಅಂದಿದ್ದರು. ಹೊಗೆಯ ಕೊಳವೆಯ ಕಡೆ ಯಾರೂ ಕತ್ತೆತ್ತಿ ನೋಡಲಿಲ್ಲ.

ಇನ್ನು ನಿನ್ನ ಕೈಗವಸುಗಳು. ನೀನು ಹೆಣೆಯಲು ಶುರುಮಾಡಿದಾಗ ನಮಗೆಲ್ಲ ಹೆಮ್ಮೆ. ಚಳಿಗೆ ಕೈಗವಸು ಯಾರಿಗೆ ಬೇಡ? ಬೀದಿಗೆಲ್ಲ ಹಂಚಿದೆ, ಶಾಲೆಗೆ ಕೊಟ್ಟೆ, ಚರ್ಚಿನ ಸಂತೆಗೆ ಕೊಟ್ಟೆ. ಅಲ್ಲಿ ಮಾರುವ ಹೆಂಗಸರು, "ನೊರ್ಮಾಂದ್, ಇಷ್ಟು ಕೈಗವಸಿಗೆ ಈಗ ಜನ ಹುಟ್ಟಬೇಕು ಕಣೇ" ಅಂತ ನಕ್ಕರು. ನಾವೂ ನಕ್ಕೆವು. ಬೆರಳು ಒಡೆದು ಉಣ್ಣೆಗೆ ರಕ್ತ ಹತ್ತಿದರೂ ನೀನು ಸೂಜಿ ಕೆಳಗಿಡಲಿಲ್ಲ. ಉಣ್ಣೆ ಮುಗಿದರೆ ಹೆಣೆದದ್ದನ್ನೇ ಬಿಚ್ಚಿ ಮತ್ತೆ ಹೆಣೆದೆ. ಫೆರ್ನಾಂ ಭಾವ ಒಮ್ಮೆ ಸೂಜಿ ಕಿತ್ತುಕೊಂಡಾಗ, ಐವತ್ತು ವರ್ಷದ ಸಂಸಾರದಲ್ಲಿ ದನಿಯೇರಿಸದ ನೀನು ಅವನ ಮುಖಕ್ಕೆ ಉಗಿದೆ. ಅದು ನೀನಲ್ಲ. ಬೇಡವೆಂದರೂ ಬಿಡಲಾಗದ ಇಂಥ ಹುಚ್ಚನ್ನು ಆ ಮಾತ್ರೆ ಹತ್ತಿಸಬಲ್ಲದು. ಒಬ್ಬರಿಗೆ ಜೂಜು, ಒಬ್ಬರಿಗೆ ತಿನ್ನುವುದು, ನಿನಗೆ ಉಣ್ಣೆ. ಡಬ್ಬಿಯೊಳಗಿನ ಚೀಟಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಅದೂ ಇದೆ. ಬಾಯಿಬಿಟ್ಟು ನಿನ್ನನ್ನು ಕೇಳಿದವರು ಒಬ್ಬರೂ ಇಲ್ಲ.

ಕೇಳಿದ್ದು ಈಗಿನ ಡಾಕ್ಟರಮ್ಮ ಸಿಯೂಯಿ. ಮೊದಲ ಭೇಟಿಯಲ್ಲೇ, "ನಿಂತೇ ಮಾತಾಡೋಣ, ಪರವಾಗಿಲ್ಲ" ಅಂತ ತಾನೂ ಕುರ್ಚಿ ಬಿಟ್ಟು ಎದ್ದಳು. ಮೊದಲು ರಕ್ತದ ಕಬ್ಬಿಣ ನೋಡಿಸಿದಳು. ತಳ ಕಂಡಿತ್ತು, ರಕ್ತನಾಳಕ್ಕೆ ಕಬ್ಬಿಣ ಏರಿಸಿದಳು. ಹಳೆಯ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಅಪಾಯವೆಂದು ಚೂರುಚೂರಾಗಿ ಇಳಿಸಿದಳು. ನರದ ಬೇರೆ ಗುಂಪಿನ ಔಷಧಿ ಶುರುಮಾಡಿದಳು. ಕೊನೆಯ ಚೂರು ಬಿಟ್ಟ ಮೇಲಿನ ದಿನಗಳೇ ಎಲ್ಲಕ್ಕಿಂತ ಕಷ್ಟ ಎಂದೂ ಹೇಳಿದ್ದಳು. ನೀನು ಈಗ ಇರುವುದು ಅಲ್ಲಿ.

ನಿನ್ನ ಫೋನಿಟ್ಟ ಮೇಲೆ ನಾನು ಅವಳ ನರ್ಸ್ ಓಡೆಟ್‌ಗೆ ಫೋನು ಮಾಡಿದೆ. ಅವಳು ಒಂದು ಮಾತು ಹೇಳಿದಳು: "ಈಗ ಹಳೇದಕ್ಕೆ ಹೋದ್ರೆ ಇಷ್ಟು ದಿನ ಪಟ್ಟಿದ್ದೆಲ್ಲ ನೀರಿಗೆ. ಆದ್ರೆ ಸುಮ್ನೆ ಹಲ್ಲು ಕಚ್ಚಿಕೊಂಡಿರಿ ಅಂತ ಯಾರು ಹೇಳಿದ್ದು? ಈ ದಿನಗಳಿಗೇ ಅಂತ ಡಾಕ್ಟರಮ್ಮ ಬರೆದುಕೊಟ್ಟಿದ್ದನ್ನ ನಿಮ್ಮಕ್ಕ ತಗೋತಿದ್ದಾರಾ?" ತೆಗೆದುಕೊಳ್ಳುತ್ತಿಲ್ಲ, ಅಲ್ಲವಾ? "ಅಫೀಮಿನ ಜಾತಿ ಔಷಧಿ ತಗೊಂಡ್ರೆ ಊರು ಏನನ್ನುತ್ತೆ" ಅಂತ ನೀನು ಆ ಔಷಧಿಯ ಚೀಟಿಯನ್ನು ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟದ್ದನ್ನು ನಾನೇ ನೋಡಿದ್ದೆ. ಊರು ನಮ್ಮನ್ನು ಕುದುರೆ ಅಂದದ್ದಾಯಿತು ಅಕ್ಕಾ. ಇನ್ನೇನು ಉಳಿದಿದೆ ಅನ್ನಲು? ಅದು ಸ್ವಲ್ಪವೇ ಸ್ವಲ್ಪ, ಕೆಲವೇ ದಿನಕ್ಕೆ, ಡಾಕ್ಟರಮ್ಮನ ಕಣ್ಗಾವಲಿನಲ್ಲಿ. ಚೀಟಿಯನ್ನು ಫೆರ್ನಾಂ ಭಾವನ ಕೈಗೆ ಈಗಲೇ ಕೊಡು, ಔಷಧಿ ಅಂಗಡಿ ತೆರೆದಿದೆ. ಇನ್ನೊಮ್ಮೆ ಕಬ್ಬಿಣ ಏರಿಸಲು ಶುಕ್ರವಾರ ಬರಬೇಕಂತೆ. ನಾನೇ ಕರೆದುಕೊಂಡು ಹೋಗುತ್ತೇನೆ.

ಹಳೆಯ ಡಬ್ಬಿಯ ಆಸೆ ಬಿಡು. ಕಾಗದ ಮುಗಿಸಿ ನಾನು ಹೋಗುವುದೇ ಅದನ್ನು ಔಷಧಿ ಅಂಗಡಿಗೆ ಹಿಂತಿರುಗಿಸಲು. ಬೈಯುವುದಿದ್ದರೆ ಶುಕ್ರವಾರ ಕಾರಿನಲ್ಲಿ ಬೈಯಿ, ದಾರಿಯುದ್ದಕ್ಕೂ ಕೇಳಿಸಿಕೊಳ್ಳುತ್ತೇನೆ. ನಿನಗೆ ಕೂತದ್ದು ಸಾಕೆನಿಸಿದಾಗ ಕಾರು ನಿಲ್ಲಿಸುತ್ತೇನೆ, ಇಳಿದು ಇಬ್ಬರೂ ಹಿಮದಲ್ಲಿ ನಡೆಯೋಣ.

ಅವತ್ತು ಕೊಯ್ದ ಕಾಲಿನ ತುಂಡುಗಳು ಒಲೆಗೆ ಹೋದವೆಂದು ನೀನು ತಿಳಿದಿದ್ದೆ. ಅಪ್ಪನ ಕೈಯ ಮೇಪಲ್ ಮರ, ಸುಡಲು ಮನಸ್ಸು ಬರಲಿಲ್ಲ. ನನ್ನ ಕಾರಿನ ಕೊಟ್ಟಿಗೆಯಲ್ಲೇ ಇದ್ದವು. ಈ ವಾರ ಮೇಜನ್ನು ತಿರುಗಿಸಿಟ್ಟು, ಕಬ್ಬಿಣದ ಪಟ್ಟಿ ಕೊಟ್ಟು, ನಾಲ್ಕನ್ನೂ ಮತ್ತೆ ಜೋಡಿಸಿದ್ದೇನೆ. ಒಂದು ಕಾಲು ಚೂರು ಅಲುಗುತ್ತದೆ. ಹೊಸವರ್ಷಕ್ಕೆ ಎಲ್ಲರೂ ನಿಂತೇ ಉಣ್ಣೋಣ. ಮುಂದೆ ನಿನಗೆ ಕೂರುವಂತಾದರೆ ಸ್ಟೂಲಿದೆ. ಮೇಜಿಗೆ ಇನ್ನು ಗರಗಸ ಮುಟ್ಟಿಸುವುದಿಲ್ಲ.

ಅಪ್ಪ ಹೋದಮೇಲೆ ಹೊಸವರ್ಷದ ಆಶೀರ್ವಾದ ಮಾಡಬೇಕಾದ ಹಿರಿಯಳು ನೀನು. ಬೇರೆ ಮನೆಗಳಲ್ಲಿ ಮಂಡಿಯೂರಿ ಬೇಡುತ್ತಾರೆ. ನಾನು ನಿಂತೇ ತಲೆ ಬಾಗಿಸುತ್ತೇನೆ, ನೀನು ಓಡಾಡುತ್ತಲೇ ಕೈಯಿಟ್ಟು ಹೋಗು. ಅಲ್ಲಿಯವರೆಗೆ, ಅಮ್ಮನಿಗೆ ಸಿಗದ ನಿದ್ದೆ ನಿನಗೆ ಸಿಗಲಿ.

ಡಬ್ಬಿ ಕೊಡದ ನಿನ್ನ ತಮ್ಮ,
ರೊಜೇರ್