ನಾಗರತ್ನಾಳ ಶೂಟಿಂಗ್

ಸುಂದರಾ,

ನಿನ್ನೆ ಗುಂಡಗುರ್ತಿಯ ನಮ್ಮ ಮನೆಗೆ ಕ್ಯಾಮೆರಾದವರು ಬಂದಿದ್ದರು. ನೀನು ಬದುಕಿದ್ದಾಗ ಬೀಸುವ ಪದ ಕಲಿಸಿದ ಪಕ್ಕದ ಮನೆ ನಾಗರತ್ನಾ ಈಗ ಹೆಸರಾಂತ ಜಾನಪದ ಗಾಯಕಿ. ಅವಳ ಮೇಲೆ ಡಾಕ್ಯುಮೆಂಟರಿಯಂತೆ. ‘ಇಂಟಿಮೇಟ್ ಪೋರ್ಟ್ರೇಟ್’ ಎಂದರು. ಬಿ.ಎ.ಯಲ್ಲಿ ಓದಿದ ಶಬ್ದ, ಆಪ್ತ ಚಿತ್ರವೋ ಏನೋ, ಅರ್ಥ ಅರ್ಧ ನೆನಪಾಯಿತು.

ಬರೀ ಬೀಸುಕಲ್ಲು ತಿರುಗಿಸುತ್ತಾ ಹಾಡಲು ಡೈರೆಕ್ಟರ್ ಹೇಳಿದ. “ಖಾಲಿ ಬೀಸಬಾರದ್ರಿ, ಕಾಕಿ ಕೈಮ್ಯಾಲ ಹೊಡೀತಿದ್ಲು,” ಎಂದು ನಿನ್ನನ್ನು ನೆನೆದು ಅವಳು ನನ್ನಿಂದ ಜೋಳ ತರಿಸಿದಳು. ನಿನ್ನ ಪದವನ್ನೇ ಹಾಡಿದಳು. ಚೆನ್ನಾಗಿಯೇ ಹಾಡಿದಳು.

ಹಾಡು ಮುಗಿಸಿ ನನ್ನತ್ತ ತಿರುಗಿದಳು. “ಕಾಕಾ, ಕಾಕಿಗಿ ರೇಡಿಯೋದಾಗ ಹಾಡೋ ಆಸೆ ಭಾಳ ಇತ್ತು. ಅರ್ಜಿನೂ ಹಾಕಿದ್ಲು. ಅವ್ರು ಯಾಕ ಕರೀಲಿಲ್ಲ?”

ಕ್ಯಾಮೆರಾವೂ ನನ್ನತ್ತ ತಿರುಗಿತು.

ಅವರು ಕರೆದಿದ್ದರು, ಸುಂದರಾ. ನಿನಗೆ ಓದಲು ಬರುತ್ತಿರಲಿಲ್ಲ, ನಾನು ಓದಿ ಹೇಳಲಿಲ್ಲ. ಆ ಪತ್ರ ಈಗಲೂ ನನ್ನ ಕಾಲೇಜಿನ ಇಂಗ್ಲಿಷ್ ಗ್ರಾಮರ್ ಪುಸ್ತಕದೊಳಗಿದೆ.

“ಅವರಿಂದ ಉತ್ತರಾನೇ ಬರಲಿಲ್ಲವ್ವಾ,” ಎಂದೆ.

ಅಷ್ಟರಲ್ಲಿ ರಸ್ತೆಯಲ್ಲಿ ಸಿಮೆಂಟ್ ಲಾರಿ ಹೋಯಿತು. ಮಾತು ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಎರಡನೇ ಸಲ ಇನ್ನೂ ಸರಾಗವಾಗಿ ಹೇಳಿದೆ.